ಅಪ್ಪನ ಬ್ಯಾರನ್ ಮತ್ತು ಮಗಳ ಇಎಸ್‌ಜಿ ಪ್ರಾಜೆಕ್ಟ್: ಒಂದು ಪ್ರಕರಣ ಅಧ್ಯಯನ

2025ರ ಜನವರಿ. ಎಂ.ಕಾಂ ಕೊನೆಯ ಸೆಮಿಸ್ಟರ್‌ನ ಹುಡುಗಿಯೊಬ್ಬಳು ಪ್ರಾಜೆಕ್ಟ್ ವಿಷಯ ಬರೆದುಕೊಂಡು ನನ್ನ ಬಳಿ ಬಂದಳು. 'ಭಾರತದ ಇಎಸ್‌ಜಿ ಮ್ಯೂಚುವಲ್ ಫಂಡ್‌ಗಳ ಲಾಭ ನಷ್ಟ: ಒಂದು ಅಧ್ಯಯನ.' ಇಎಸ್‌ಜಿ ಅಂದರೆ ಪರಿಸರ, ಸಮಾಜ, ಆಡಳಿತ. ಈ ಮೂರರಲ್ಲಿ ಕಂಪನಿ ಹೇಗಿದೆ ಎಂದು ನೋಡಿ ದುಡ್ಡು ಹಾಕುವ ಫಂಡ್‌ಗಳು ಇವು. ಪ್ರತಿ ವರ್ಷ ಇಂಥ ನಾಲ್ಕೈದು ಹಾಳೆ ನನ್ನ ಮೇಜಿಗೆ ಬರುತ್ತವೆ. ಐದು ಫಂಡ್ ಆರಿಸುವುದು, ಐದು ವರ್ಷದ ಯೂನಿಟ್ ಬೆಲೆ, ಅಂದರೆ ಎನ್‌ಎವಿ ಇಳಿಸಿಕೊಳ್ಳುವುದು, ನಿಫ್ಟಿ ಜೊತೆ ಹೋಲಿಸುವುದು, ನೂರು ಜನರಿಗೆ ಪ್ರಶ್ನಾವಳಿ ಹಂಚುವುದು. ನಾನೂ ಹೆಚ್ಚು ಯೋಚಿಸದೆ ಸಹಿ ಹಾಕಿದೆ.

ಆರು ತಿಂಗಳ ನಂತರ ಅವಳು ಒಪ್ಪಿಸಿದ ವರದಿ ಬೇರೆಯೇ ಆಗಿತ್ತು. ನಡುವೆ ಏನಾಯಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಈ ವಿಷಯದಲ್ಲಿ ಪ್ರಾಜೆಕ್ಟ್ ಮಾಡುವ ಮಕ್ಕಳಿಗೂ ಮಾಡಿಸುವ ನನ್ನಂಥವರಿಗೂ ಉಪಯೋಗವಾದೀತು. ಅವಳ ಹೆಸರನ್ನೂ ಹಳ್ಳಿಯ ಹೆಸರನ್ನೂ ಬಿಟ್ಟಿದ್ದೇನೆ.

ಊರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ಅಪ್ಪನಿಗೆ ಎರಡೂವರೆ ಎಕರೆ ಜಮೀನು, ಹೊಗೆಸೊಪ್ಪಿನ ಲೈಸೆನ್ಸ್, ಒಂದು ಬ್ಯಾರನ್. ಆ ಕಡೆಯವರಿಗೆ ಬ್ಯಾರನ್ ಅಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಕಿಟಕಿಯಿಲ್ಲದ ಎತ್ತರದ ಗೋಡೆಯ ಮನೆ ಅದು. ಒಳಗೆ ಕಡ್ಡಿಗಳಿಗೆ ಕಟ್ಟಿದ ಹಸಿ ಎಲೆಗಳನ್ನು ಸಾಲಾಗಿ ತೂಗುಹಾಕುತ್ತಾರೆ. ಕೆಳಗಿನ ಕೊಳವೆಗಳಲ್ಲಿ ಬಿಸಿಗಾಳಿ ಹರಿಯುವಂತೆ ಐದಾರು ದಿನ ಹಗಲೂ ರಾತ್ರಿ ಸೌದೆ ಉರಿಸುತ್ತಾರೆ. ಯಾರಾದರೂ ಒಬ್ಬರು ನಿದ್ದೆಗೆಟ್ಟು ಬೆಂಕಿ ಕಾಯಲೇಬೇಕು. ಒಂದು ಕೆ.ಜಿ. ಸೊಪ್ಪು ಒಣಗಲು ನಾಲ್ಕೈದು ಕೆ.ಜಿ. ಸೌದೆ ಬೇಕು. ಒಣಗಿದ ಸೊಪ್ಪನ್ನು ಬೇಲು ಕಟ್ಟಿ ತಂಬಾಕು ಮಂಡಳಿಯ ಹರಾಜಿಗೆ ಒಯ್ಯುತ್ತಾರೆ. ಇವಳ ಅಪ್ಪ ಹೋಗುವುದು ಕಂಪಲಾಪುರಕ್ಕೆ. ಪಿಯುಸಿಯಿಂದ ಎಂ.ಕಾಂವರೆಗೆ ಇವಳ ಫೀಸು ಕಟ್ಟಿದ್ದು ಆ ಹರಾಜಿನ ದುಡ್ಡು.

ಇದ್ಯಾವುದನ್ನೂ ಅವಳು ನನಗೆ ಮೊದಲು ಹೇಳಿರಲಿಲ್ಲ. ಪ್ರಾಜೆಕ್ಟಿಗೆ ಇದು ಸಂಬಂಧಪಟ್ಟದ್ದು ಅಂತ ಅವಳಿಗೂ ಅನಿಸಿರಲಿಲ್ಲ.

ಶುರುವಿನ ಗೊಂದಲಗಳು

ಮೊದಲ ತಿಂಗಳು ಅವಳು ಎರಡು ಬೇರೆ ಸಂಗತಿಗಳನ್ನು ಒಂದೇ ಅಂದುಕೊಂಡು ಓದಿದಳು. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಮತ್ತು ಇಎಸ್‌ಜಿ. ನಮ್ಮಲ್ಲಿ ತುಂಬ ಜನ ಇದೇ ತಪ್ಪು ಮಾಡುತ್ತಾರೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಶಾಲೆಗೆ ಬೆಂಚು, ಆಸ್ಪತ್ರೆಗೆ ಆಂಬುಲೆನ್ಸ್, ಇಂಥವು. ಅದು ದುಡ್ಡು ಗಳಿಸಿದ ಮೇಲೆ ಕೊಡುವುದು. ಇಎಸ್‌ಜಿ ಕೇಳುವುದು ಆ ದುಡ್ಡನ್ನು ಹೇಗೆ ಗಳಿಸಿದೆ ಎಂದು. ಹೊಳೆಗೆ ಏನು ಬಿಟ್ಟಿರಿ, ಕೆಲಸದವರನ್ನು ಹೇಗೆ ನೋಡಿಕೊಂಡಿರಿ, ಆಡಳಿತ ಮಂಡಳಿ ಸರಿಯಾಗಿದೆಯಾ. 'ಇಎಸ್‌ಜಿ' ಎಂಬ ಮಾತು ಬಳಕೆಗೆ ಬಂದದ್ದು 2004ರಲ್ಲಿ, ವಿಶ್ವಸಂಸ್ಥೆಯ ಪ್ರೇರಣೆಯಿಂದ ಬಂದ ಒಂದು ವರದಿಯಿಂದ. ಅದಕ್ಕೂ ಎಷ್ಟೋ ಹಿಂದೆಯೇ ಅಮೆರಿಕ, ಇಂಗ್ಲೆಂಡಿನ ಕೆಲವು ಚರ್ಚುಗಳು ಹೆಂಡ, ತಂಬಾಕು, ಜೂಜಿನ ವ್ಯಾಪಾರಕ್ಕೆ ತಮ್ಮ ದುಡ್ಡು ಹಾಕುವುದಿಲ್ಲ ಅಂತ ನಿಂತಿದ್ದವು.

ಎರಡನೆಯ ಗೊಂದಲ ದೊಡ್ಡದು. ಅದರಲ್ಲಿ ನನ್ನ ಪಾಲೂ ಇದೆ.

ನೂರು ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 100ರೊಳಗಿನ ನಲವತ್ತು ಕಂಪನಿಗಳಿಗೆ ಮೂರು ರೇಟಿಂಗ್ ಸಂಸ್ಥೆಗಳು ಕೊಟ್ಟ ಅಂಕಗಳನ್ನು ಅವಳು ಕೈಯಿಂದಲೇ ಎಕ್ಸೆಲ್‌ಗೆ ತುಂಬಿದಳು. ದುಡ್ಡು ಕೊಡದೆ ಸಿಗುವುದು ಅಷ್ಟೇ. ಎಂಎಸ್‌ಸಿಐ, ಸಸ್ಟೈನಲಿಟಿಕ್ಸ್, ಕ್ರಿಸಿಲ್. ಎಂಎಸ್‌ಸಿಐ ಅಕ್ಷರಗಳಲ್ಲಿ ದರ್ಜೆ ಕೊಡುತ್ತದೆ. 'ಎಎಎ'ಯಿಂದ 'ಸಿಸಿಸಿ'ವರೆಗೆ ಏಳು ಮೆಟ್ಟಿಲು. ಅಕ್ಷರಗಳನ್ನು ಅವಳು ಏಳರಿಂದ ಒಂದರವರೆಗೆ ಅಂಕಿಗಳಾಗಿ ಬದಲಿಸಿಕೊಂಡಳು. ಮೂರರ ನಡುವೆ ಎಷ್ಟು ಹೊಂದಾಣಿಕೆ ಇದೆ ಅಂತ ಲೆಕ್ಕ ಹಾಕಿದರೆ ಉತ್ತರ ಮೈನಸ್‌ನಲ್ಲಿ ಬಂತು. ಅಂದರೆ ಒಬ್ಬರು ಒಳ್ಳೆಯದು ಅಂದ ಕಂಪನಿಯನ್ನು ಇನ್ನೊಬ್ಬರು ಕೆಟ್ಟದ್ದು ಅನ್ನುತ್ತಿದ್ದಾರೆ! ಅವಳು ಖುಷಿಯಿಂದ ಒಂದಿಡೀ ಅಧ್ಯಾಯ ಬರೆದಳು. ನಾನು ಓದಿ 'ಚೆನ್ನಾಗಿದೆ' ಅಂತ ಗುರುತು ಹಾಕಿದೆ.

ತಪ್ಪು ಗೊತ್ತಾಗಲು ಎರಡು ವಾರ ಬೇಕಾಯಿತು. ಸಸ್ಟೈನಲಿಟಿಕ್ಸ್ ಕೊಡುವುದು ಒಳ್ಳೆಯತನದ ಅಂಕ ಅಲ್ಲ, ಅಪಾಯದ ಅಂಕ. ಕಡಿಮೆ ಬಂದಷ್ಟೂ ಒಳ್ಳೆಯದು. 10ರೊಳಗೆ ಇದ್ದರೆ ಅಪಾಯ ಇಲ್ಲವೆನ್ನುವಷ್ಟು ಕಡಿಮೆ, 40 ದಾಟಿದರೆ ತೀವ್ರ. ಕ್ರಿಸಿಲ್‌ನ ಅಂಕ ನೂರಕ್ಕೆ, ಜಾಸ್ತಿ ಬಂದರೆ ಒಳ್ಳೆಯದು. ಅವಳು ಮೂರನ್ನೂ ಒಂದೇ ದಿಕ್ಕಿನಲ್ಲಿ ಓದಿದ್ದಳು. ನಾನು ಮೇಲಿನಿಂದಲೇ ನೋಡಿ ಬಿಟ್ಟಿದ್ದೆ. ಇಡೀ ಅಧ್ಯಾಯ ಕಿತ್ತುಹಾಕಬೇಕಾಯಿತು. ಅವಳು ಅತ್ತಳು. ಅವತ್ತು ನಾನು ಕ್ಷಮೆ ಕೇಳಿದೆ, ಯಾಕೆಂದರೆ ಅಳತೆಗೋಲು ಯಾವ ಕಡೆ ಏರುತ್ತದೆ ಎಂದು ಮೊದಲು ನೋಡು ಅಂತ ಹೇಳಬೇಕಾದವಳು ನಾನು.

ಅಂಕಣ ತಿರುಗಿಸಿ ಮತ್ತೆ ಲೆಕ್ಕ ಹಾಕಿದಾಗ ಹೊಂದಾಣಿಕೆ ಕಂಡಿತು. ಆದರೆ ಗಟ್ಟಿಯಾಗಿ ಅಲ್ಲ. ಅದು ಅವಳ ತಪ್ಪಲ್ಲ. ಎಂಐಟಿ ಮತ್ತು ಜ್ಯೂರಿಚ್ ವಿಶ್ವವಿದ್ಯಾಲಯದ ಸಂಶೋಧಕರು ಆರು ಸಂಸ್ಥೆಗಳ ಇಎಸ್‌ಜಿ ಅಂಕಗಳನ್ನು ಹೋಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಸರಾಸರಿ ಹೊಂದಾಣಿಕೆ 0.54 ಮಾತ್ರ. 1 ಅಂದರೆ ಪೂರ್ತಿ ಒಮ್ಮತ. ಸಾಲ ತೀರಿಸುವ ಶಕ್ತಿಗೆ ಕೊಡುವ ಕ್ರೆಡಿಟ್ ರೇಟಿಂಗ್‌ಗಳಲ್ಲಿ ಸಂಸ್ಥೆಗಳು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ. ಇಲ್ಲಿ ಹಾಗಿಲ್ಲ. ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಜಾಸ್ತಿ, ಶೇ. 56, ಬರುವುದು ಒಂದೇ ಗುಣವನ್ನು ಬೇರೆ ಬೇರೆ ರೀತಿ ಅಳೆಯುವುದರಿಂದ ಎಂದು ಅವರು ತೋರಿಸಿದರು.

ಒಂದು ಷೇರು, ಎರಡು ತೀರ್ಪು

ಫೆಬ್ರವರಿ ಕೊನೆಗೆ ಅವಳು ನಿಫ್ಟಿ 100 ಇಎಸ್‌ಜಿ ಸೂಚ್ಯಂಕದ ನಿಯಮಗಳನ್ನು ಓದುತ್ತಿದ್ದಳು. ತಂಬಾಕು, ಮದ್ಯ, ಜೂಜು, ವಿವಾದಿತ ಶಸ್ತ್ರಾಸ್ತ್ರ, ಈ ನಾಲ್ಕು ವ್ಯಾಪಾರದ ಕಂಪನಿಗಳಿಗೆ ಅದರಲ್ಲಿ ಜಾಗ ಇಲ್ಲ. ನಿಫ್ಟಿ 100ರಲ್ಲಿ ಇರುವ ಸಿಗರೇಟು ಕಂಪನಿ ಐಟಿಸಿ ಹೊರಗೆ. ಆದರೆ ಅವಳದೇ ಎಕ್ಸೆಲ್‌ನಲ್ಲಿ ಐಟಿಸಿಯ ಮುಂದೆ ಎಂಎಸ್‌ಸಿಐ ದರ್ಜೆ 'ಎಎ' ಅಂತಿತ್ತು. ಹಲವು ವರ್ಷ ಸತತವಾಗಿ ಬಂದ ದರ್ಜೆ ಅದು. ಎರಡು ದಶಕಗಳಿಂದ ಬಳಸಿದ್ದಕ್ಕಿಂತ ಜಾಸ್ತಿ ನೀರು ಉಳಿಸುತ್ತಿದ್ದೇವೆ ಎಂದೂ ಕಂಪನಿ ತನ್ನ ವರದಿಗಳಲ್ಲಿ ಹೇಳುತ್ತದೆ.

ಮರುದಿನ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. "ಮೇಡಂ, ಒಬ್ರು ಡಿಸ್ಟಿಂಕ್ಷನ್ ಕೊಟ್ಟಿದ್ದಾರೆ, ಇನ್ನೊಬ್ರು ಪರೀಕ್ಷೆಗೇ ಕೂರಿಸಿಲ್ಲ. ಇದು ಹೇಗೆ?" ಆಮೇಲೆ ಸ್ವಲ್ಪ ತಡೆದು ಹೇಳಿದಳು. "ನಮ್ಮನೇಲಿ ಹೊಗೆಸೊಪ್ಪು ಬೆಳೀತೀವಿ ಮೇಡಂ."

ನನ್ನ ಪ್ರಕಾರ ಅವಳ ಸಂಶೋಧನೆ ಶುರುವಾದದ್ದು ಅವತ್ತು.

ಉತ್ತರ ಹುಡುಕಲು ಹೊರಟಾಗ ಅವಳಿಗೆ ಸಿಕ್ಕಿದ್ದು ಇಷ್ಟು. ಎಂಎಸ್‌ಸಿಐ ಕಂಪನಿಯನ್ನು ಅದೇ ಉದ್ಯಮದ ಬೇರೆ ಕಂಪನಿಗಳ ಜೊತೆ ಹೋಲಿಸುತ್ತದೆ. 'ಎಎ' ಅಂದರೆ ತನ್ನ ತರಗತಿಯಲ್ಲಿ ಮುಂದಿನ ಬೆಂಚು. ತರಗತಿ ಯಾವುದು ಎನ್ನುವುದು ಆ ಅಕ್ಷರದಲ್ಲಿ ಕಾಣುವುದಿಲ್ಲ. ಇನ್ನೂ ಮುಖ್ಯ ಸಂಗತಿ ಇದೆ. ಪರಿಸರ, ಸಮಾಜ, ಆಡಳಿತದ ತೊಂದರೆಗಳಿಂದ ಕಂಪನಿಯ ಲಾಭಕ್ಕೆ ಎಷ್ಟು ಅಪಾಯ, ಅದನ್ನು ಕಂಪನಿ ಹೇಗೆ ನಿಭಾಯಿಸುತ್ತಿದೆ ಎಂದು ಆ ದರ್ಜೆ ಹೇಳುತ್ತದೆ. ಕಂಪನಿಯಿಂದ ಜನಕ್ಕೆ ಎಷ್ಟು ಅಪಾಯ ಎನ್ನುವುದು ಬೇರೆ ಪ್ರಶ್ನೆ. ಸೂಚ್ಯಂಕದವರು ಕೇಳಿದ್ದು ಆ ಎರಡನೆಯ ಪ್ರಶ್ನೆಯನ್ನು, ಅದೂ ನಾಲ್ಕು ವ್ಯಾಪಾರಗಳಿಗೆ ಮಾತ್ರ. ಪ್ರಶ್ನೆಗಳು ಬೇರೆ, ಹಾಗಾಗಿ ಉತ್ತರಗಳೂ ಬೇರೆ.

ಷೇರುಪೇಟೆಯ ನಿಯಂತ್ರಕ ಸೆಬಿಗೂ ಈ ಗೋಜಲು ಗೊತ್ತಿದೆ. 2023ರ ಜುಲೈನಲ್ಲಿ ಅದು ಇಎಸ್‌ಜಿ ಫಂಡ್‌ಗಳಿಗೆ ಆರು ದಾರಿಗಳನ್ನು ಗೊತ್ತುಮಾಡಿತು. ಕೆಲವು ವ್ಯಾಪಾರಗಳನ್ನು ಹೊರಗಿಡುವುದು ಒಂದು. ಉದ್ಯಮದಲ್ಲಿ ಮುಂದಿರುವವರನ್ನು ಆರಿಸುವುದು ಇನ್ನೊಂದು. ಸುಧಾರಿಸುತ್ತಿರುವ ಕಂಪನಿಗಳಿಗೆ ಹಣ ಹಾಕುವುದು, ನೆಲದ ಮೇಲೆ ಅಳೆಯಬಹುದಾದ ಒಳಿತಿಗಾಗಿ ಹಾಕುವುದು, ಹೀಗೆ. ಫಂಡ್ ತನ್ನ ದಾರಿ ಯಾವುದೆಂದು ಹೇಳಬೇಕು, ಕನಿಷ್ಠ ಶೇ. 80 ಹಣ ಆ ದಾರಿಯಲ್ಲೇ ಇರಬೇಕು. 1991ರಿಂದ ಇರುವ ಎಸ್‌ಬಿಐ ಮ್ಯಾಗ್ನಮ್ ಈಕ್ವಿಟಿ ಫಂಡ್ 2018ರಲ್ಲಿ ಇಎಸ್‌ಜಿ ಫಂಡ್ ಆಗಿತ್ತು. ಈಗ ಅದರ ಹೆಸರಿನಲ್ಲೇ 'ಎಕ್ಸ್‌ಕ್ಲೂಷನರಿ ಸ್ಟ್ರಾಟಜಿ', ಅಂದರೆ ಹೊರಗಿಡುವ ದಾರಿ, ಸೇರಿಕೊಂಡಿದೆ. ಇದು ಒಳ್ಳೆಯ ಬದಲಾವಣೆ ಎಂದು ನಾನು ನಂಬುತ್ತೇನೆ. ದುಡ್ಡು ಹಾಕುವವರಿಗೆ ಕಡೇಪಕ್ಷ ಹೆಸರಲ್ಲಾದರೂ ಸತ್ಯ ಕಾಣಬೇಕು.

ಅವಳು ಅಲ್ಲಿಗೆ ನಿಲ್ಲಲಿಲ್ಲ. ಈ ಷೇರು ಬೇರೆ ಯಾರ ಬಳಿ ಇದೆ, ಯಾರು ಬೇಡ ಅಂದರು ಎಂದು ಹುಡುಕಿದಳು. ನಾರ್ವೆ ಸರ್ಕಾರದ ಪಿಂಚಣಿ ನಿಧಿ 2010ರ ಜನವರಿಯಲ್ಲಿ 17 ತಂಬಾಕು ಕಂಪನಿಗಳನ್ನು ಕೈಬಿಟ್ಟಿತು. ಅದರಲ್ಲಿ ಐಟಿಸಿಯೂ ಇತ್ತು. ಇಲ್ಲಿ 2017ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ದಾಖಲಾಯಿತು. ಜನರಿಗೆ ವಿಮೆ ಮಾರುವ ಎಲ್‌ಐಸಿಯಂಥ ಸರ್ಕಾರಿ ಸಂಸ್ಥೆಗಳು ಸಿಗರೇಟು ಕಂಪನಿಯ ಷೇರು ಇಟ್ಟುಕೊಳ್ಳುವುದು ಸರಿಯಾ ಎಂಬುದು ಪ್ರಶ್ನೆ. ಆಗ ಐಟಿಸಿಯಲ್ಲಿ ಎಲ್‌ಐಸಿಯ ಪಾಲು ಶೇ. 16ರಷ್ಟು. ಇವಳ ಅಪ್ಪನಿಗೂ ಒಂದು ಎಲ್‌ಐಸಿ ಪಾಲಿಸಿ ಇದೆ. ಸೊಪ್ಪು ಮಾರಿದ ದುಡ್ಡಲ್ಲೇ ಅವರು ಪ್ರೀಮಿಯಂ ಕಟ್ಟುತ್ತಾರೆ. ಅವಳು ಇದನ್ನು ವರದಿಯಲ್ಲಿ ಒಂದು ಸಾಲಿನಲ್ಲಿ ಬರೆದಳು. ಅದಕ್ಕೆ ವಿವರಣೆ ಸೇರಿಸು ಅಂತ ನಾನು ಹೇಳಲಿಲ್ಲ.

ವರದಿಯಲ್ಲಿ ಅಪ್ಪನ ಜಾಗ

ಮುಂದಿನ ಕೆಲಸ ಬಿಆರ್‌ಎಸ್‌ಆರ್ ಓದುವುದು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರುವ ಕಂಪನಿಗಳು 2022–23ರಿಂದ ಕಡ್ಡಾಯವಾಗಿ ಕೊಡಬೇಕಾದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಇದು. ವ್ಯಾಪಾರ ಮತ್ತು ಹೊಣೆಗಾರಿಕೆಯ ಒಂಬತ್ತು ತತ್ವಗಳ ಪ್ರಕಾರ ಕಂಪನಿಗಳು ಇದರಲ್ಲಿ ಉತ್ತರ ಬರೆಯುತ್ತವೆ. ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಮಕ್ಕಳಿಗೆ ನನ್ನ ಸಲಹೆ ಏನೆಂದರೆ, ಫಂಡ್‌ಗಳ ಜಾಹೀರಾತು ಬಿಟ್ಟು ಇದನ್ನು ಓದಿ. ಅದರಲ್ಲೂ ಮೂರನೇ, ಆರನೇ, ಎಂಟನೇ ತತ್ವಗಳನ್ನು. ಕೆಲಸಗಾರರು, ಪರಿಸರ, ಎಲ್ಲರನ್ನೂ ಒಳಗೊಂಡ ಬೆಳವಣಿಗೆ, ಈ ಮೂರೂ ಅಲ್ಲಿವೆ.

ಒಂದು ಸಂಜೆ ಅವಳು ಈ ವರದಿಗಳಲ್ಲಿ ತನ್ನ ಅಪ್ಪನಂಥವರು ಎಲ್ಲಿ ಬರುತ್ತಾರೆ ಎಂದು ಹುಡುಕತೊಡಗಿದಳು. ಬೆಳೆ ಯಾವುದೇ ಇರಲಿ. ಹೊಗೆಸೊಪ್ಪು, ಕಬ್ಬು, ಹತ್ತಿ, ಹಾಲು. ನೌಕರರ ಪಟ್ಟಿಯಲ್ಲಿ ಅವರಿಲ್ಲ. ಎಂಟನೇ ತತ್ವದಲ್ಲಿ ಸಣ್ಣ ಉತ್ಪಾದಕರಿಂದ ಕೊಂಡದ್ದು ಶೇಕಡಾ ಎಷ್ಟು ಎಂಬ ಒಂದು ಅಂಕಿ ಇದೆ. ರೈತ ಅಲ್ಲಿ ಅಂಕಿಯೊಳಗೆ ಸೇರಿಹೋಗಿದ್ದಾನೆ. ಕಂಪನಿಗೆ ಸರಕು ಕೊಡುವವರ ಪರಿಸ್ಥಿತಿ ಹೇಳುವ ಇನ್ನೊಂದು ಭಾಗ ಇದೆ. ಅದು ಯಾರಿಗೆ ಅನ್ವಯಿಸುತ್ತದೆ ಎಂದು ಸೆಬಿ 2025ರ ಮಾರ್ಚ್ 28ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತು. ಕಂಪನಿಯ ಒಟ್ಟು ಖರೀದಿ ಅಥವಾ ಮಾರಾಟದಲ್ಲಿ ಒಬ್ಬರೇ ಶೇ. 2 ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವವರು. ಅದೂ ಮೊದಲ 250 ಕಂಪನಿಗಳಿಗೆ, ಇಷ್ಟವಿದ್ದರೆ ಮಾತ್ರ.

ಕರ್ನಾಟಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ತಂಬಾಕು ಮಂಡಳಿ ನಿಗದಿ ಮಾಡುವ ಬೆಳೆಯ ಪ್ರಮಾಣ ಸುಮಾರು 10 ಕೋಟಿ ಕೆ.ಜಿ. ಅದರಲ್ಲಿ ಅವಳ ಅಪ್ಪನದು ಒಂದು ಟ್ರ್ಯಾಕ್ಟರ್ ತುಂಬದಷ್ಟು ಬೇಲು. ಶೇ. 2 ಎನ್ನುವ ಗೆರೆ ಒಬ್ಬ ರೈತನ ತಲೆಯ ಮೇಲೆ ಎಷ್ಟು ಎತ್ತರದಲ್ಲಿದೆ ಎಂದು ಲೆಕ್ಕ ಹಾಕುವುದೇ ಬೇಡ. ದೊಡ್ಡ ಪೂರೈಕೆದಾರರಿಂದ ಮಾಹಿತಿ ತರುವುದೇ ಕಂಪನಿಗಳಿಗೆ ಕಷ್ಟ, ಹಾಗಾಗಿ ಸೆಬಿ ಗೆರೆ ಎಳೆದಿದೆ. ಆ ಕಾರಣ ನನಗೂ ಅರ್ಥವಾಗುತ್ತದೆ. ಆದರೆ ಗೆರೆಯ ಕೆಳಗೆ ಉಳಿದವರ ಬದುಕು ಯಾವ ಅಂಕದೊಳಗೂ ಹೋಗುವುದಿಲ್ಲ. ಆ ಅಂಕ ನೋಡಿಯೇ ನಾವು ಮನಸ್ಸಾಕ್ಷಿಯಿಂದ ದುಡ್ಡು ಹಾಕಿದೆವು ಅಂದುಕೊಳ್ಳುತ್ತೇವೆ. ಇದನ್ನು ನನಗೆ ಕಲಿಸಿದ್ದು ಆ ಹುಡುಗಿ. ಹದಿನೈದು ವರ್ಷ ಪಾಠ ಮಾಡಿದ್ದರೂ ನಾನು ಈ ಕಡೆಯಿಂದ ನೋಡಿರಲಿಲ್ಲ.

ಯುಗಾದಿ ರಜೆಯ ಹನ್ನೆರಡು ಮನೆಗಳು

ಆ ವರ್ಷ ಯುಗಾದಿ ಮಾರ್ಚ್ 30ಕ್ಕೆ ಬಂದಿತ್ತು. ರಜೆಗೆ ಊರಿಗೆ ಹೋಗುವಾಗ ಅವಳು ನೂರು ಪ್ರಶ್ನಾವಳಿ ಮುದ್ರಿಸಿಕೊಂಡಿದ್ದಳು. ಮೊದಲ ಪ್ರಶ್ನೆ, 'ನೀವು ಇಎಸ್‌ಜಿ ಬಗ್ಗೆ ಕೇಳಿದ್ದೀರಾ?' ಮೊದಲ ಮನೆಯಲ್ಲೇ ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಹನ್ನೆರಡು ಮನೆಗಳಲ್ಲಿ ಸುಮ್ನೆ ಕೂತು ಮಾತಾಡಿಸಿದಳು. ಸಸಿ ಮಡಿಗಳು ಸಿದ್ಧವಾಗಿದ್ದವು, ಮೊದಲ ಮಳೆಗೆ ನಾಟಿ ಮಾಡಲು ಎಲ್ಲರೂ ಕಾಯುತ್ತಿದ್ದರು. ಸೌದೆ ಎಲ್ಲಿಂದ ತರ್ತೀರಿ, ಬ್ಯಾರನ್ ರಿಪೇರಿಗೆ ಸಾಲ ಎಷ್ಟು, ಬೇರೆ ಬೆಳೆ ನೋಡಿದ್ರಾ, ಸೊಪ್ಪು ಮುರಿಯುವಾಗ ಮೈಗೆ ಏನಾದ್ರೂ ಆಗುತ್ತಾ.

ಕೊನೆಯ ಪ್ರಶ್ನೆಗೆ ಹೆಂಗಸರು ಮಾತ್ರ ಉತ್ತರಿಸಿದರು. ಅವಳ ಅಮ್ಮನೂ. ಜುಲೈನಲ್ಲಿ ಮಳೆ ನಿಂತ ಬೆಳಿಗ್ಗೆ ಒದ್ದೆ ಸೊಪ್ಪು ಮುರಿದು ಬಂದ ದಿನ ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ, ರಾತ್ರಿ ಊಟ ಸೇರುವುದಿಲ್ಲ. ಮಾರನೇ ದಿನ ಮತ್ತೆ ಹೊಲ. ಇದು ಹಸಿವಿಗೆ, ಬಿಸಿಲಿಗೆ ಆಗುವುದು ಅಂತ ಅಮ್ಮ ಇಷ್ಟು ವರ್ಷ ಅಂದುಕೊಂಡಿದ್ದರು. ವೈದ್ಯರು ಇದಕ್ಕೆ ಗ್ರೀನ್ ಟೊಬ್ಯಾಕೊ ಸಿಕ್‌ನೆಸ್ ಎನ್ನುತ್ತಾರೆ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಯೊಳಗೆ ಇಳಿಯುತ್ತದೆ. ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಂಡರೆ ಕಡಿಮೆಯಾಗುತ್ತದೆ. ಬೇರೆ ಊರಿನಲ್ಲಿ ಕೂತು ಇದರ ಬಗ್ಗೆ ಓದುವಾಗ ತನ್ನ ಅಮ್ಮನ ಕಾಯಿಲೆಗೆ ಒಂದು ಹೆಸರಿದೆ ಎಂದು ಮಗಳಿಗೆ ಗೊತ್ತಾಯಿತು.

ಬೇರೆ ಬೆಳೆಯ ಮಾತು ಎಲ್ಲ ಮನೆಯಲ್ಲೂ ಬಂತು. ಶುಂಠಿ ಹಾಕಿದವರಿದ್ದರು. ಬೆಲೆ ಏರಿದ ವರ್ಷ ಮನೆ ಕಟ್ಟಿದರು, ಬಿದ್ದ ವರ್ಷ ಅಗೆಯುವ ಕೂಲಿಯೂ ಹುಟ್ಟಲಿಲ್ಲ. ಕೆಲವರು ಅಡಿಕೆ ಸಸಿ ಇಟ್ಟಿದ್ದರು. ಹೊಗೆಸೊಪ್ಪಿಗಾದರೆ ಹರಾಜು ಇದೆ, ದುಡ್ಡು ಬ್ಯಾಂಕಿಗೆ ಬರುತ್ತದೆ, ಅದನ್ನು ನಂಬಿ ಸಾಲ ಸಿಗುತ್ತದೆ. ಭಾರತ 2004ರಲ್ಲೇ ಒಪ್ಪಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದಲ್ಲಿ 17ನೇ ವಿಧಿ ಎಂದೊಂದಿದೆ. ಬೆಳೆಗಾರರಿಗೆ, ಕೆಲಸಗಾರರಿಗೆ ಬೇರೆ ಜೀವನೋಪಾಯ ಬೆಳೆಸಬೇಕು ಎನ್ನುತ್ತದೆ ಅದು. ಆ ಹನ್ನೆರಡು ಮನೆಗಳಲ್ಲಿ ಯಾರೂ ಅದರ ಹೆಸರು ಕೇಳಿರಲಿಲ್ಲ.

ಅವಳು ಅಪ್ಪನಿಗೆ ಸೂಚ್ಯಂಕದ ನಿಯಮ ವಿವರಿಸಿದಳು. ಅವರು ಪೂರ್ತಿ ಕೇಳಿಸಿಕೊಂಡರಂತೆ. "ಸಿಗರೇಟು ಒಳ್ಳೇದು ಅಂತ ನಾನೇನೂ ಹೇಳಲ್ಲ ಮಗಾ. ದೊಡ್ಡೋರು ದುಡ್ಡು ತಕ್ಕಂಡು ಹೋಯ್ತೀವಿ ಅಂದ್ರೆ ಹೋಗ್ಲಿ. ಆದ್ರೆ ನಾವು ಇಲ್ಲಿದೀವಿ ಅಂತ ಅವ್ರಿಗೆ ಗೊತ್ತಿರ್ಬೇಕು ತಾನೇ?"

ಈ ಮಾತನ್ನು ಅವಳು ಕೊನೆಯ ಅಧ್ಯಾಯದ ಮೊದಲ ಸಾಲಾಗಿ ಹಾಕಿದಳು, ಅಪ್ಪ ಆಡಿದಂತೆಯೇ.

ವರದಿ ಮತ್ತು ವೈವಾ

ಲಾಭ ನಷ್ಟದ ಕೋಷ್ಟಕಗಳು ವರದಿಯಲ್ಲಿ ಉಳಿದವು, ಆರು ಪುಟಗಳಲ್ಲಿ. ಅವಳು ನೋಡಿದ ಫಂಡ್‌ಗಳಲ್ಲಿ ತುಂಬಿದ್ದು ಬ್ಯಾಂಕು ಮತ್ತು ಐಟಿ ಕಂಪನಿಗಳು. ಹೊಗೆ ಕೊಳವೆ ಇಲ್ಲದ ಉದ್ಯಮಕ್ಕೆ ಅಂಕ ಸುಲಭವಾಗಿ ಬರುತ್ತದೆ, ಬ್ಯಾಂಕು ಯಾರಿಗೆ ಸಾಲ ಕೊಟ್ಟಿದೆ ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವಳು ಬರೆದಳು. ಆಡಳಿತದ ಬಗ್ಗೆ ಬರೆಯುವಾಗ ಸತ್ಯಂ ಕಂಪನಿಯನ್ನು ನೆನಪಿಸಿದಳು. ಉತ್ತಮ ಆಡಳಿತಕ್ಕೆ 2008ರಲ್ಲಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಪಡೆದ ಆ ಕಂಪನಿಯ ಸುಳ್ಳು ಲೆಕ್ಕ 2009ರ ಜನವರಿ 7ಕ್ಕೆ ಹೊರಬಿತ್ತು. ನಂತರದ ಅರವತ್ತು ಪುಟಗಳು ರೇಟಿಂಗ್, ಹೊರಗಿಡುವಿಕೆ ಮತ್ತು ಆ ಹನ್ನೆರಡು ಮನೆಗಳ ಬಗ್ಗೆ.

ವೈವಾಕ್ಕೆ ಹೊರಗಿನಿಂದ ಬಂದ ಪರೀಕ್ಷಕರು ಮೊದಲು ಸ್ವಲ್ಪ ಅಸಮಾಧಾನದಲ್ಲಿದ್ದರು. ಹನ್ನೆರಡು ಮನೆ ಸಾಕಾಗುವುದಿಲ್ಲ, ಇದು ವಾಣಿಜ್ಯವೋ ಸಮಾಜಶಾಸ್ತ್ರವೋ ಎಂದು ಕೇಳಿದರು. ಮಾದರಿ ಚಿಕ್ಕದು ಎಂದು ಅವಳು ಒಪ್ಪಿಕೊಂಡಳು. ಆಮೇಲೆ ಅವರು ಕೇಳಿದರು. "ನಿನ್ನ ಕೈಯಲ್ಲಿ ಹತ್ತು ಸಾವಿರ ಇದ್ರೆ ಸಿಗರೇಟು ಕಂಪನಿ ಷೇರು ತಗೋತೀಯಾ, ಇಲ್ವಾ? ಒಂದು ಕಡೆ ನಿಂತು ಹೇಳು."

"ತಗೊಳ್ಳಲ್ಲ ಸರ್. ಆದ್ರೆ ನಾನು ಬಿಟ್ಟ ಷೇರನ್ನ ಇನ್ಯಾರೋ ತಗೋತಾರೆ. ನಾನು ತಗೊಳ್ಳದೇ ಇದ್ರೆ ನಮ್ಮಮ್ಮನ ವಾಂತಿ ನಿಲ್ಲುತ್ತೆ ಅಂತ ಮಾತ್ರ ವರದಿಯಲ್ಲಿ ಬರೆಯಲ್ಲ."

ಪರೀಕ್ಷಕರು ಪುಟ ತಿರುಗಿಸಿ 17ನೇ ವಿಧಿಯ ಭಾಗ ಎಲ್ಲಿದೆ ಎಂದು ಕೇಳಿ ಅದನ್ನು ಅಲ್ಲೇ ಕೂತು ಓದಿದರು.

ಜುಲೈ ಮೂರನೇ ವಾರ ಅವಳು ಫೋನ್ ಮಾಡಿದ್ದಳು. ಮೊದಲ ಸೊಪ್ಪು ಮುರಿಯುವುದು ಶುರುವಾಗಿತ್ತು. ಮೈಸೂರಿನಿಂದ ಅಮ್ಮನಿಗೆ ಎರಡು ಜೊತೆ ರಬ್ಬರ್ ಕೈಗವಸು ಒಯ್ದಿದ್ದಳಂತೆ. ಹಾಕಿಕೊಂಡರೆ ಎಲೆಯ ತೊಟ್ಟು ಕೈಗೆ ಸಿಗುವುದಿಲ್ಲ, ಕೆಲಸ ಸಾಗುವುದಿಲ್ಲ ಅಂತ ಅಮ್ಮ ತೆಗೆದಿಟ್ಟರು. ಈಗ ಸೊಪ್ಪು ಹಿಡಿದುಕೊಳ್ಳುವ ಎಡಗೈಗೆ ಮಾತ್ರ ಹಾಕಿಕೊಳ್ಳುತ್ತಿದ್ದಾರೆ. ಬಲಗೈ ಬರಿಗೈ.